ನಡುರಾತ್ರಿಯ ಯುರೋಪ್ ಪಂದ್ಯಕ್ಕೆ ಬಾಡಿಗೆ ಪರದೆ: ಎಲ್‌ಇಡಿ ವಾಲೋ, ಪ್ರೊಜೆಕ್ಟರೋ?

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮುಳ್ಳೇರಿಯದವರೆಗೆ ಸೌಂಡ್ಸು-ಲೈಟ್ಸು ಇಟ್ಟವರೆಲ್ಲ ಈಗ ‘ಫುಟ್‌ಬಾಲ್ ಪ್ಯಾಕೇಜ್’ ಅಂತ ಒಂದನ್ನು ಮಾಡಿಟ್ಟಿದ್ದಾರೆ. ಮದುವೆಗೆ, ಯಕ್ಷಗಾನಕ್ಕೆ, ಉರೂಸಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗುವ ಅದೇ ಸಾಮಾನು, ಅದೇ ಹುಡುಗರು. ಮೇಲಿಂದ ಒಂದು ಸೆಟ್‌ಟಾಪ್ ಬಾಕ್ಸು. ಇಲ್ಲಿ ನೋಡಿರುವುದು ಬದಿಯಡ್ಕ ಕಡೆಯ ಒಂದು ಅಂಗಡಿಯ ಎರಡು ಪ್ಯಾಕೇಜುಗಳನ್ನು. ಒಂದು, ಅಡ್ಡಕ್ಕೆ ಏಳು, ಎತ್ತರಕ್ಕೆ ನಾಲ್ಕು ಪೆಟ್ಟಿಗೆ ಜೋಡಿಸಿದ ಎಲ್‌ಇಡಿ ವಾಲ್, 9,000 ರೂಪಾಯಿ. ಇನ್ನೊಂದು, 12 ಅಡಿ ಅಗಲದ ಬಟ್ಟೆಯ ಪರದೆ ಮತ್ತು ಪ್ರೊಜೆಕ್ಟರ್, 3,000 ರೂಪಾಯಿ. ಎರಡರಲ್ಲೂ ಎರಡು ಸ್ಪೀಕರ್, ಒಬ್ಬ ಆಪರೇಟರ್ ಮತ್ತು ಗಾಡಿ ಬಾಡಿಗೆ ಸೇರಿದೆ. ಜನರೇಟರ್ ಸೇರಿಲ್ಲ. ಅಂಗಡಿಯ ಹೆಸರು ಹಾಕುತ್ತಿಲ್ಲ. ಕೆಳಗೆ ಹೇಳುವ ಒಳ್ಳೆಯದು ಕೆಟ್ಟದ್ದು ಎರಡೂ ಈ ಕಡೆಯ ಹೆಚ್ಚಿನ ಅಂಗಡಿಗಳಿಗೆ ಹಾಗೆಯೇ ಅನ್ವಯವಾಗುತ್ತದೆ.

ಓರೆಗೆ ಹಚ್ಚಿದ್ದು 2025ರ ನವೆಂಬರ್ 16ರ ಭಾನುವಾರದ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ. ಸಂಜೆ ಮೈದಾನದಲ್ಲಿ ಎಲ್‌ಇಡಿ ವಾಲಿನಲ್ಲಿ ಪೋರ್ಚುಗಲ್–ಅರ್ಮೇನಿಯಾ, ನಡುರಾತ್ರಿ ಕಳೆದ ಮೇಲೆ ಕ್ಲಬ್ ಹಾಲಿನಲ್ಲಿ ಪ್ರೊಜೆಕ್ಟರಿನಲ್ಲಿ ಇಟಲಿ–ನಾರ್ವೆ. ವಿಶ್ವಕಪ್ಪಿನ ಹೊತ್ತಿಗೆ ಯಾವ ಪರದೆಯಾದರೂ ನಡೆಯುತ್ತದೆ. ಐನೂರು ಜನ, ಬೊಬ್ಬೆ, ಪಟಾಕಿ. ಚಿತ್ರ ಹೇಗಿದೆ ಅಂತ ಕೇಳುವವರಿಲ್ಲ. ಅರ್ಹತಾ ಪಂದ್ಯದ ಕತೆ ಬೇರೆ. ಬರುವುದು ಐವತ್ತು-ಅರುವತ್ತು ಮಂದಿ, ಬಂದವರೆಲ್ಲ ಆಟ ಗೊತ್ತಿದ್ದವರು, ಒಂದೇ ಹೊತ್ತಿಗೆ ಐದಾರು ಪಂದ್ಯ, ಅದರಲ್ಲಿ ಬೇಕಾದ್ದು ಟಿವಿಯಲ್ಲಿ ಬರುತ್ತದೋ ಇಲ್ಲವೋ ಎಂಬ ತಲೆಬಿಸಿ. ಬಾಡಿಗೆ ಸೇವೆಯ ನಿಜವಾದ ಯೋಗ್ಯತೆ ಗೊತ್ತಾಗುವುದು ಇಂಥ ರಾತ್ರಿಯಲ್ಲಿ.

ಮೊದಲು ಹೊತ್ತಿನ ಲೆಕ್ಕ. ಬಿಲ್ಲಿನ ಜಗಳ ಶುರುವಾಗುವುದೇ ಅಲ್ಲಿಂದ. ಯುರೋಪಿನ ಅರ್ಹತಾ ಪಂದ್ಯಗಳು ಹೆಚ್ಚಾಗಿ ಮಧ್ಯ ಯುರೋಪಿನ ಗಡಿಯಾರದಲ್ಲಿ ಮಧ್ಯಾಹ್ನ 3ಕ್ಕೆ, ಸಂಜೆ 6ಕ್ಕೆ ಅಥವಾ ರಾತ್ರಿ 8:45ಕ್ಕೆ ಶುರು. ಅಲ್ಲಿ ಬೇಸಿಗೆ ಗಡಿಯಾರ ಇರುವಾಗ ನಮಗದು ಸಂಜೆ 6:30, ರಾತ್ರಿ 9:30, 12:15. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ನಮಗೆ 7:30, 10:30, 1:15. ಅಕ್ಟೋಬರಿನಲ್ಲಿ 12:15ಕ್ಕೆ ನೋಡಿದವರು ನವೆಂಬರಿನಲ್ಲೂ ಅದೇ ಹೊತ್ತಿಗೆ ಬಂದು ಕೂತು ಒಂದು ಗಂಟೆ ಜಾಹೀರಾತು ನೋಡುವುದು ಇದರಿಂದಲೇ. ಮಾರ್ಚಿನದ್ದು ಇನ್ನೂ ಗೋಜಲು. ಕೊನೆಯ ಭಾನುವಾರ ಗಡಿಯಾರ ಮುಂದಕ್ಕೆ ಹೋಗುವುದರಿಂದ ಒಂದೇ ಸುತ್ತಿನ ಎರಡು ಪಂದ್ಯಗಳು ಬೇರೆ ಬೇರೆ ಹೊತ್ತಿಗೆ ಬೀಳಬಹುದು. 2026ರ ಪ್ಲೇ-ಆಫ್ (ಗುಂಪಿನಿಂದ ನೇರ ಹೋಗದವರಿಗೆ ಕೊನೆಯ ಅವಕಾಶ) ಹಾಗೆಯೇ: ಸೆಮಿಫೈನಲಿನ ದಿನ ಮಾರ್ಚ್ 26, ಫೈನಲಿನ ದಿನ 31, ನಡುವೆ 29ಕ್ಕೆ ಗಡಿಯಾರ ಬದಲು. ಅಲ್ಲಿನ 8:45 ಎಂದರೆ ಮೊದಲ ದಿನ ಇಲ್ಲಿ 1:15, ಎರಡನೆಯ ದಿನ 12:15.

ಇನ್ನು ತಾರೀಕು. ಯುರೋಪಿನವರ ಪಟ್ಟಿಯಲ್ಲಿ ‘ನವೆಂಬರ್ 16’ ಅಂತ ಇರುವ ಇಟಲಿ–ನಾರ್ವೆ ನಮಗೆ 17ರ ಬೆಳಗಿನ ಜಾವ. ಅಂಗಡಿಯ ಡೈರಿಯಲ್ಲಿ 16 ಅಂತ ಮಾತ್ರ ಬರೆದರೆ ರಾತ್ರಿ 12ಕ್ಕೆ ದಿನ ಮುಗಿಯಿತು, ಆಮೇಲಿನದ್ದಕ್ಕೆ ಇನ್ನೊಂದು ದಿನದ ಬಾಡಿಗೆ ಅಂತ ಕೇಳುವ ಸಂದರ್ಭ ಬರುತ್ತದೆ. ‘16ರ ಸಂಜೆ 5ರಿಂದ 17ರ ಬೆಳಿಗ್ಗೆ 4ರವರೆಗೆ’ ಅಂತ ಗಂಟೆ ಸಮೇತ ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ. 1:15ಕ್ಕೆ ಶುರುವಾದ ಗುಂಪಿನ ಪಂದ್ಯ 3:10ರ ಒಳಗೆ ಮುಗಿಯುತ್ತದೆ. ಪ್ಲೇ-ಆಫ್ ಎಕ್ಸ್‌ಟ್ರಾ ಟೈಮಿಗೆ, ಪೆನಾಲ್ಟಿ ಶೂಟೌಟಿಗೆ ಹೋದರೆ 4 ಗಂಟೆ ಆಗಿಯೇ ಆಗುತ್ತದೆ. ಈ ವಿಷಯದಲ್ಲಿ ಅಂಗಡಿಯವರು ಚೊಕ್ಕ. ಒಂದೇ ಬಾಡಿಗೆಯಲ್ಲಿ ಸಂಜೆ, ರಾತ್ರಿ ಎರಡು ಪಂದ್ಯಕ್ಕೂ ಒಪ್ಪಿದರು. ಆಪರೇಟರ್ ಹುಡುಗನಿಗೆ ಮಾತ್ರ ರಾತ್ರಿ ಬತ್ತೆ 500 ಬೇರೆ. ನ್ಯಾಯವಾದ ದುಡ್ಡೇ.

ಈಗ ಪರದೆಗೆ ಬರೋಣ. ಎಲ್‌ಇಡಿ ವಾಲ್ ಅಂದ ಕೂಡಲೇ ಪ್ರೊಜೆಕ್ಟರಿಗಿಂತ ಸ್ಪಷ್ಟ ಅಂತ ಎಲ್ಲರ ನಂಬಿಕೆ. ಹೊಳಪು ಹೆಚ್ಚು ಎನ್ನುವುದು ಸರಿ, ಸ್ಪಷ್ಟ ಎನ್ನುವುದು ತಪ್ಪು. ಈ ಅಂಗಡಿಯದ್ದು ಪಿ 3.91 ಮಾದರಿ, ಒಂದು ದೀಪದಿಂದ ಇನ್ನೊಂದಕ್ಕೆ 3.91 ಮಿಲಿಮೀಟರ್ ಅಂತರ. ಅರ್ಧ ಮೀಟರ್ ಚೌಕದ ಒಂದು ಪೆಟ್ಟಿಗೆಯಲ್ಲಿ 128 ಅಡ್ಡ, 128 ಉದ್ದ ಚುಕ್ಕಿ. ಏಳು-ನಾಲ್ಕು ಜೋಡಿಸಿದರೆ ಮೂರೂವರೆ ಮೀಟರ್ ಅಗಲ, ಎರಡು ಮೀಟರ್ ಎತ್ತರ, ಚುಕ್ಕಿ ಲೆಕ್ಕದಲ್ಲಿ 896 × 512. ಟಿವಿಯ ಫುಲ್ ಎಚ್‌ಡಿ ಚಿತ್ರ 1920 × 1080. ಅಂದರೆ ಬರುವ ಚಿತ್ರದ ಅರ್ಧಕ್ಕಿಂತ ಕಡಿಮೆ ಅಗಲ, ಅರ್ಧಕ್ಕಿಂತ ಕಡಿಮೆ ಎತ್ತರ ಮಾತ್ರ ವಾಲಿನಲ್ಲಿ ಉಳಿಯುತ್ತದೆ.

ಮದುವೆಯ ವಿಡಿಯೊಗೆ ಇದು ಯಾರಿಗೂ ಗೊತ್ತಾಗುವುದಿಲ್ಲ, ಮುಖ ದೊಡ್ಡದು. ಫುಟ್‌ಬಾಲಿನಲ್ಲಿ ಗೊತ್ತಾಗುತ್ತದೆ. ಚೆಂಡಿನ ವ್ಯಾಸ ಸುಮಾರು 22 ಸೆಂಟಿಮೀಟರ್. ದೂರದ ಕ್ಯಾಮೆರಾ ಮೈದಾನದ 50 ಮೀಟರ್ ಅಗಲವನ್ನು ಹಿಡಿದಿದೆ ಎಂದಿಟ್ಟುಕೊಳ್ಳಿ. ಫುಲ್ ಎಚ್‌ಡಿಯಲ್ಲಿ ಚೆಂಡಿಗೆ ಎಂಟು ಚುಕ್ಕಿ ಸಿಗುತ್ತದೆ, ಈ ವಾಲಿನಲ್ಲಿ ನಾಲ್ಕು. ಚೆಂಡು ನಿಧಾನ ಇರುವಾಗ ಪರವಾಗಿಲ್ಲ. ಅಡ್ಡಕ್ಕೆ ಬೀಸಿದ ಕ್ರಾಸು, ದೂರದಿಂದ ಹೊಡೆದ ಶಾಟು ಇದ್ದಾಗ ಬಿಳಿ ಗೆರೆಯ ಮೇಲೆ ಚೆಂಡು ಕಾಣೆಯಾಗುತ್ತದೆ. ಸ್ಕೋರ್ ಪಟ್ಟಿಯ ಸಣ್ಣ ಅಕ್ಷರವೂ ಹರಿದಂತೆ ಕಾಣುತ್ತದೆ. ಪೋರ್ಚುಗಲ್ 9–1ರಲ್ಲಿ ಗೆದ್ದ ಪಂದ್ಯದಲ್ಲಿ ಇದರಿಂದ ಏನೂ ನಷ್ಟವಿಲ್ಲ. ಗೋಲುಗಳೆಲ್ಲ ಪೆನಾಲ್ಟಿ ಬಾಕ್ಸಿನ ಆಸುಪಾಸಿನಲ್ಲೇ ಆದಂತಿತ್ತು, ರೀಪ್ಲೇ ಬೇರೆ ಧಾರಾಳ. ಆದರೆ ಅದಾಗಿ ಎರಡು ದಿನಕ್ಕೆ ಹ್ಯಾಂಪ್ಡನ್ ಪಾರ್ಕಿನಲ್ಲಿ ಸ್ಕಾಟ್ಲೆಂಡ್–ಡೆನ್ಮಾರ್ಕ್ ನಡೆದಾಗ, 98ನೆಯ ನಿಮಿಷದಲ್ಲಿ ಸ್ಕಾಟ್ಲೆಂಡಿನ ಕೆನ್ನಿ ಮೆಕ್ಲೀನ್ ಅರ್ಧ ಮೈದಾನದಿಂದ ಎತ್ತಿ ಹೊಡೆದನಲ್ಲ, ಗೋಲ್‌ಕೀಪರ್ ಮುಂದೆ ಬಂದಿದ್ದಾನೆ ಅಂತ ನೋಡಿ? ಅಂಥ ಚೆಂಡಿನ ದಾರಿ ಕಣ್ಣಿಗೆ ಹಿಡಿಯಬೇಕಾದರೆ ಚುಕ್ಕಿ ಬೇಕು.

ಪ್ರೊಜೆಕ್ಟರ್ ಇಲ್ಲಿ ಮೇಲಾಗುತ್ತದೆ, ಒಂದು ಷರತ್ತಿನ ಮೇಲೆ: ಅದರ ಒಳಗೆ ಚಿತ್ರ ಮೂಡಿಸುವ ಚಿಪ್ಪು (ಚಿಪ್) ನಿಜವಾಗಿ 1920 × 1080 ಆಗಿರಬೇಕು. ‘1080 ಸಪೋರ್ಟ್’ ಅಂತ ಡಬ್ಬದ ಮೇಲೆ ಬರೆದದ್ದಕ್ಕೆ ಬೆಲೆಯಿಲ್ಲ. 800 × 480 ಚಿಪ್ಪಿನ ಅಗ್ಗದ ಡಬ್ಬವೂ 1080 ಸಿಗ್ನಲನ್ನು ‘ಸಪೋರ್ಟ್’ ಮಾಡುತ್ತದೆ, ತೆಗೆದುಕೊಂಡು ಕುಗ್ಗಿಸಿ ತೋರಿಸುತ್ತದೆ. ಕೇಳಬೇಕಾದ ಮಾತು ‘ನೇಟಿವ್ ಎಷ್ಟು?’ ಎಂಬುದು. ಈ ಅಂಗಡಿಯದ್ದು ನೇಟಿವ್ ಫುಲ್ ಎಚ್‌ಡಿ, 4,000 ಆನ್ಸಿ ಲ್ಯೂಮೆನ್ ಬೆಳಕು, ಲ್ಯಾಂಪ್ ಮಾದರಿ. 12 ಅಡಿ ಅಗಲದ ಚಿತ್ರಕ್ಕೆ ಪರದೆಯ ಮೇಲೆ ಸುಮಾರು 530 ಲಕ್ಸ್ ಬೆಳಕು ಬೀಳುತ್ತದೆ. ಕತ್ತಲೆ ಹಾಲಿಗೆ ಯಥೇಷ್ಟ. ಆದರೆ ಹಿಂದುಗಡೆ ಕೇರಂ ಆಡುವವರಿಗೆಂದು ಎರಡು ಟ್ಯೂಬ್‌ಲೈಟ್ ಉಳಿಸಿದರೆ ಪರದೆಗೆ ಅಲ್ಲಿಂದಲೂ ಬೆಳಕು ಬಂದು ಕಪ್ಪೆಲ್ಲ ಬೂದಿಯಾಗುತ್ತದೆ, ನಾರ್ವೆ ಡಿಫೆಂಡರುಗಳ ನೆರಳು ಯಾವುದು, ಹುಲ್ಲು ಯಾವುದು ಗೊತ್ತಾಗುವುದಿಲ್ಲ. ಲೈಟು ತೆಗೆಸಿ, ಬಾಗಿಲ ಹತ್ತಿರ ನೆಲಕ್ಕೆ ಬೀಳುವ ಸಣ್ಣ ಬಲ್ಬೊಂದು ಸಾಕು.

ಇಡುವ ಜಾಗ ಇನ್ನೊಂದು. ಈ ಪ್ರೊಜೆಕ್ಟರಿಗೆ ಅಗಲದ ಒಂದೂವರೆ ಪಟ್ಟು ದೂರ ಬೇಕು. 12 ಅಡಿಗೆ 18 ಅಡಿ ಎಂದರೆ ಸರಿಯಾಗಿ ಜನ ಕೂರುವಲ್ಲೇ ಮೇಜು ಬರುತ್ತದೆ. ಎದ್ದವರ ತಲೆಯೆಲ್ಲ ಪರದೆಯ ಮೇಲೆ. ಆಪರೇಟರ್ ಹುಡುಗ ಸುಲಭಕ್ಕೆ ಮೇಜನ್ನು ಒಂದು ಬದಿಗೆ ಸರಿಸಿ ಕೀಸ್ಟೋನ್ ಒತ್ತಿ ಚಿತ್ರ ನೆಟ್ಟಗೆ ಮಾಡಿದ. ಅದು ಮಾಡಬಾರದ ಕೆಲಸ. ಕೀಸ್ಟೋನ್ ಎಂದರೆ ಚಿಪ್ಪಿನ ಒಂದು ಭಾಗವನ್ನು ಬಳಸದೆ ಬಿಟ್ಟು ಚಿತ್ರವನ್ನು ಹಿಂಡುವುದು. ದುಡ್ಡು ಕೊಟ್ಟು ತಂದ ಸ್ಪಷ್ಟತೆ ಅಲ್ಲೇ ಹೋಗುತ್ತದೆ. ಹಾಲಿನ ಮಾಡಿನ ಅಡ್ಡಪಟ್ಟಿಗೆ ಕ್ಲಾಂಪ್ ಹಾಕಿ ತಲೆಕೆಳಗಾಗಿ ನೇತುಹಾಕಿ, ಮೆನುವಿನಲ್ಲಿ ‘ಸೀಲಿಂಗ್’ ಆರಿಸಿದರೆ ಮುಗಿಯಿತು. ಕ್ಲಾಂಪು ಅಂಗಡಿಯಲ್ಲಿ ಇತ್ತು, ಕೇಳಿದ ಮೇಲೆ ಗಾಡಿಯಿಂದ ಹೊರಬಂತು. ಕೇಳದೆ ಕೊಡುವುದಿಲ್ಲ ಎಂಬುದನ್ನು ಈ ಸೇವೆಯ ಮೊದಲ ದೋಷವಾಗಿ ಬರೆದುಕೊಳ್ಳಬಹುದು.

ಎರಡನೆಯ ದೋಷ ಬಣ್ಣದ್ದು, ಅದು ಎಲ್‌ಇಡಿ ವಾಲಿಗೆ. ಮದುವೆ ಹಾಲಿನ ಹಗಲು ಬೆಳಕಿಗೆ ಹೊಂದುವಂತೆ ಹೊಳಪು, ಬಣ್ಣ ಎರಡನ್ನೂ ಮೇಲೇರಿಸಿಟ್ಟ ಸೆಟ್ಟಿಂಗು ಹಾಗೆಯೇ ಮೈದಾನಕ್ಕೆ ಬಂದಿತ್ತು. ಕತ್ತಲಲ್ಲಿ ಅಷ್ಟು ಹೊಳಪು ಕಣ್ಣು ಕುಕ್ಕುತ್ತದೆ. ಹುಲ್ಲು ಗಿಳಿಯ ರೆಕ್ಕೆಯ ಹಾಗೆ ಹೊಳೆಯುತ್ತಿತ್ತು, ಪೋರ್ಚುಗಲಿನ ಕೆಂಪು ಅಂಗಿ ಅಂಚು ದಾಟಿ ಹರಡುತ್ತಿತ್ತು. ರಾತ್ರಿಗೆ ಹೊಳಪು 20ರಿಂದ 30 ಶೇಕಡಾ ಸಾಕು. ಇದನ್ನು ವಾಲಿಗೆ ಚಿತ್ರ ಕಳಿಸುವ ಡಬ್ಬದ, ಅಂದರೆ ಪ್ರೊಸೆಸರಿನ, ಗುಂಡಿಯಲ್ಲೇ ತಗ್ಗಿಸಬಹುದು, ಎರಡು ನಿಮಿಷದ ಕೆಲಸ. ಕರೆಂಟೂ ಉಳಿಯುತ್ತದೆ.

ಯಾರೂ ಗಮನಿಸದ ಸಂಗತಿ ಒಂದಿದೆ: 50 ಹರ್ಟ್ಜ್. ಯುರೋಪಿನ ಫುಟ್‌ಬಾಲ್ ಪ್ರಸಾರ ಸೆಕೆಂಡಿಗೆ 50 ಚಿತ್ರದ ಲೆಕ್ಕದಲ್ಲಿ ತಯಾರಾಗುವುದು. ಲ್ಯಾಪ್‌ಟಾಪ್, ಟಿವಿಗೆ ಸಿಕ್ಕಿಸಿ ಆ್ಯಪ್ ನೋಡುವ ಸ್ಟಿಕ್, ಎಲ್‌ಇಡಿ ಪ್ರೊಸೆಸರ್ ಇವೆಲ್ಲ ಸಾಮಾನ್ಯವಾಗಿ 60ಕ್ಕೆ ನಿಂತಿರುತ್ತವೆ. ಹೊಂದದ ಕಾರಣ ಕ್ಯಾಮೆರಾ ಒಂದು ಗೋಲಿನಿಂದ ಇನ್ನೊಂದಕ್ಕೆ ತಿರುಗುವಾಗ ಚಿತ್ರ ಸಣ್ಣಗೆ ಎಡವುತ್ತದೆ. ನೆಟ್ ಸ್ಲೋ ಅಂತ ಎಲ್ಲರೂ ನೆಟ್ಟಿಗೆ ಬೈಯುತ್ತಾರೆ. ನೆಟ್ ಸರಿಯಿದ್ದರೂ ಎಡವಿದರೆ ಬಾಕ್ಸಿನ ಅಥವಾ ಸ್ಟಿಕ್ಕಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ 1080, 50 ಹರ್ಟ್ಜ್ ಹಾಕಿ, ಪ್ರೊಸೆಸರಿನ ಔಟ್‌ಪುಟ್ಟನ್ನೂ 50ಕ್ಕೆ ತನ್ನಿ. ವ್ಯತ್ಯಾಸ ಕೂಡಲೇ ಕಾಣುತ್ತದೆ.

ಪರದೆಗಿಂತ ಹೆಚ್ಚು ಆರೈಕೆ ಬೇಡುವುದು ಸಿಗ್ನಲಿನ ಮೂಲ. ಯುರೋಪಿನ ರಾಷ್ಟ್ರೀಯ ತಂಡಗಳ ಪಂದ್ಯಗಳ ಹಕ್ಕು ನಮ್ಮಲ್ಲಿ ಸೋನಿಯದ್ದು. ಟಿವಿಯಲ್ಲಿ ಸೋನಿ ಸ್ಪೋರ್ಟ್ಸ್ ಚಾನೆಲುಗಳು, ಆ್ಯಪಿನಲ್ಲಿ ಸೋನಿ ಲಿವ್. 2026ರ ವಿಶ್ವಕಪ್ಪಿನ ಅರ್ಹತೆಗೆ ಯುರೋಪಿನ 54 ದೇಶಗಳು 12 ಗುಂಪಿನಲ್ಲಿ ಆಡಿದಾಗ ಒಂದೇ ಹೊತ್ತಿಗೆ ಬಹಳ ಪಂದ್ಯ ಬಿದ್ದವು, ಚಾನೆಲುಗಳು ಕೆಲವೇ. ಕೊನೆಯ ಸುತ್ತಿನಲ್ಲಂತೂ ಒಂದು ಗುಂಪಿನ ಎರಡು ಪಂದ್ಯಗಳನ್ನೂ ಒಟ್ಟಿಗೇ ಇಡುತ್ತಾರೆ. ನವೆಂಬರ್ 16ರ ಸಂಜೆ 7:30ಕ್ಕೆ ಪೋರ್ಟೊದಲ್ಲಿ ಪೋರ್ಚುಗಲ್ ಆಡುತ್ತಿದ್ದಾಗಲೇ ಬುಡಾಪೆಸ್ಟಿನಲ್ಲಿ ಹಂಗೆರಿ–ಐರ್ಲೆಂಡ್. ನಮ್ಮಲ್ಲಿ ರೊನಾಲ್ಡೊ ಕಟೌಟ್ ಕಟ್ಟಿದವರೇ ಹೆಚ್ಚಾದ್ದರಿಂದ ಪೋರ್ಚುಗಲ್ ಹಾಕಿದ್ದು ಸಹಜ. ಆತನೋ, ಡಬ್ಲಿನಿನ ಹಿಂದಿನ ಪಂದ್ಯದಲ್ಲಿ ಸಿಕ್ಕಿದ ಕೆಂಪು ಕಾರ್ಡಿನಿಂದಾಗಿ ಆಡಲೇ ಇಲ್ಲ. ನಿಜವಾದ ಆಟ ನಡೆದದ್ದು ಇನ್ನೊಂದರಲ್ಲಿ: ಐರ್ಲೆಂಡಿನ ಟ್ರಾಯ್ ಪ್ಯಾರಟ್ ಮೂರನೆಯ ಗೋಲನ್ನು 96ನೆಯ ನಿಮಿಷದಲ್ಲಿ ಹೊಡೆದು 3–2 ಮಾಡಿ ಹಂಗೆರಿಯನ್ನು ಹೊರಗೆ ಹಾಕಿದ. ಬಾಡಿಗೆ ಸೇವೆಗೆ ಇದರಿಂದ ಏನು? ಡಿಟಿಎಚ್ ಬಾಕ್ಸು, ಆ್ಯಪಿರುವ ಸ್ಟಿಕ್ಕು ಎರಡನ್ನೂ ಬೇರೆ ಬೇರೆ ಇನ್‌ಪುಟ್ಟಿಗೆ ಸಿಕ್ಕಿಸಿ ಇಡುವುದು. ಒಂದರಲ್ಲಿ 5–0 ಆದಾಗ ರಿಮೋಟಿನ ಒಂದು ಗುಂಡಿಯಲ್ಲಿ ಇನ್ನೊಂದಕ್ಕೆ ಹೋಗಬಹುದು. ಅಂಗಡಿಯವರು ಕೊಡುವುದು ಬಾಕ್ಸು ಮಾತ್ರ. ಸ್ಟಿಕ್ಕು, ಚಂದಾ, ನೆಟ್ಟು ಕ್ಲಬ್ಬಿನ ತಲೆಗೆ. ಫೋನಿನಲ್ಲೇ ಸ್ಪಷ್ಟ ಮಾಡಿಕೊಳ್ಳಿ: ‘ಬಾಕ್ಸು ನಿಮ್ಮದೋ ನಮ್ಮದೋ, ಸ್ಪೋರ್ಟ್ಸ್ ಎಚ್‌ಡಿ ಪ್ಯಾಕ್ ರೀಚಾರ್ಜ್ ಆಗಿದೆಯೋ ಅಣ್ಣ?’ ಎಚ್‌ಡಿ ಬಾಕ್ಸಿಗೆ ಎಸ್‌ಡಿ ಚಾನೆಲಿನ ಪ್ಯಾಕ್ ಹಾಕಿಟ್ಟವರು ಬೇಕಾದಷ್ಟಿದ್ದಾರೆ.

ಮನೆಯ ಚಂದಾ ಮನೆಯಲ್ಲಿ ನೋಡುವುದಕ್ಕೆ. ಊರಿಗೆ ತೋರಿಸುವುದಕ್ಕೆ, ಅದರಲ್ಲೂ ಟಿಕೆಟ್ ಇಟ್ಟು ಅಥವಾ ಪ್ರಾಯೋಜಕರ ಫ್ಲೆಕ್ಸ್ ಕಟ್ಟಿ ತೋರಿಸುವುದಕ್ಕೆ ಹಕ್ಕುದಾರರ ಅನುಮತಿ ಬೇರೆಯೇ ಬೇಕು. ‘ಅದೆಲ್ಲ ಯಾರೂ ಕೇಳುವುದಿಲ್ಲ’ ಎನ್ನುವುದು ಬಾಡಿಗೆಯವರ ಮಾತು. ನೋಟಿಸು ಬಂದರೆ ಬರುವುದು ಕ್ಲಬ್ಬಿನ ಕಾರ್ಯದರ್ಶಿಯ ಹೆಸರಿಗೆ.

ಆ್ಯಪಿನಲ್ಲಿ ತೊಂದರೆ ಮೂರು. ಕಪ್ಪು ಪರದೆ ಮೊದಲನೆಯದು. ಮೆನು ಕಾಣುತ್ತದೆ, ಪಂದ್ಯ ಒತ್ತಿದ ಕೂಡಲೇ ಸದ್ದು ಮಾತ್ರ, ಚಿತ್ರ ಇಲ್ಲ. ಇದು ಹಾಳಾದ ಕೇಬಲ್ ಅಲ್ಲ, ಎಚ್‌ಡಿಸಿಪಿ ಎಂಬ ನಕಲುತಡೆ. ಸ್ಟಿಕ್ಕಿನಿಂದ ಪರದೆಯವರೆಗಿನ ಸರಪಳಿಯಲ್ಲಿ ಅದನ್ನು ಅರಿಯದ ಒಂದು ಸ್ಪ್ಲಿಟ್ಟರೋ ಹಳೆಯ ಪ್ರೊಸೆಸರೋ ಇದ್ದರೆ ಚಿತ್ರ ನಿಲ್ಲುತ್ತದೆ. ಫೋನಿನಿಂದ ಸ್ಕ್ರೀನ್ ಮಿರರ್ ಮಾಡಿದರೂ ಇದೇ ಗತಿ. ಪ್ರೊಜೆಕ್ಟರಿಗಾದರೆ ಸ್ಟಿಕ್ಕನ್ನು ನೇರ ಸಿಕ್ಕಿಸಿ; ಎಲ್‌ಇಡಿ ವಾಲಿಗಾದರೆ ಪ್ರೊಸೆಸರಿನ ಯಾವ ಇನ್‌ಪುಟ್ ಎಚ್‌ಡಿಸಿಪಿ ಒಪ್ಪುತ್ತದೆ ಅಂತ ಸಂಜೆಯೇ ನೋಡಿ. ಎಚ್‌ಡಿಎಂಐ ಮಾಮೂಲಿ ಕೇಬಲ್ 10 ಮೀಟರ್ ದಾಟಿದರೆ ಮಿಣುಕು ಚುಕ್ಕಿ ಶುರುವಾಗುತ್ತದೆ. ಅದಕ್ಕಿಂತ ಉದ್ದ ಬೇಕಾದರೆ ಆಪ್ಟಿಕಲ್ ಕೇಬಲ್ ಕೇಳಿ.

ನೆಟ್ಟಿನದ್ದು ಎರಡನೆಯದು. ಫುಲ್ ಎಚ್‌ಡಿಗೆ 8 ಎಂಬಿಪಿಎಸ್ ಸಾಕು ಅನ್ನುತ್ತಾರೆ, ಸಾಕು ಕೂಡ. ಆದರೆ ಅದು ಒಂದೇ ಸಮನೆ ಬರಬೇಕು. ಹಾಟ್‌ಸ್ಪಾಟಿನ ಭರವಸೆಯಲ್ಲಿ ಸಂಜೆ 5ಕ್ಕೆ ಪರೀಕ್ಷೆ ಮಾಡಿದರೆ ಎಲ್ಲ ಚೆನ್ನ. ರಾತ್ರಿ ಅದೇ ಟವರಿನಡಿ ಇನ್ನೂರು ಜನ ಸ್ಟೇಟಸ್ ಹಾಕಲು ಕೂತರೆ ಚಿತ್ರ ಚೌಕ-ಚೌಕವಾಗುತ್ತದೆ. ಕ್ಲಬ್ಬಿನಲ್ಲೋ ಪಕ್ಕದ ಮನೆಯಲ್ಲೋ ಫೈಬರ್ ಇದ್ದರೆ ಅಲ್ಲಿಂದ ಲ್ಯಾನ್ ಕೇಬಲ್ ಎಳೆಯಿರಿ. ವೈಫೈ ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳಬೇಡಿ.

ಕೊನೆಯದ್ದಕ್ಕೆ ಮದ್ದಿಲ್ಲ. ಆ್ಯಪು ಡಿಟಿಎಚ್‌ಗಿಂತ ಅರ್ಧ ನಿಮಿಷದಷ್ಟೋ ಅದಕ್ಕಿಂತ ಹೆಚ್ಚೋ ಹಿಂದೆ ಇರುತ್ತದೆ. ಕಾಸರಗೋಡಿನಲ್ಲಿ ಗಲ್ಫಿನಲ್ಲಿ ಯಾರೂ ಇಲ್ಲದ ಮನೆ ಎಷ್ಟಿದೆ? ದುಬೈಯಿಂದ ‘ಗೋಲ್’ ಅಂತ ವಾಯ್ಸ್ ಮೆಸೇಜ್ ಬಂದಾಗ ನಿಮ್ಮ ಪರದೆಯಲ್ಲಿ ಇನ್ನೂ ಥ್ರೋ-ಇನ್ ನಡೆಯುತ್ತಿರುತ್ತದೆ. ಟಿವಿಯಲ್ಲಿ ಬರುವ ಪಂದ್ಯವಾದರೆ ಡಿಟಿಎಚ್‌ನಲ್ಲೇ ಹಾಕಿ.

ಹಾಗಂತ ಡಿಟಿಎಚ್ ಎಲ್ಲ ಕಾಲಕ್ಕೂ ಆಗುವುದಿಲ್ಲ. ಜೂನಿನ ಮಳೆಗೆ ಸಿಗ್ನಲ್ ಹೋಗಿಯೇ ಹೋಗುತ್ತದೆ. ನಾರ್ವೆ ಓಸ್ಲೊದಲ್ಲಿ ಇಟಲಿಯನ್ನು 3–0ರಲ್ಲಿ ಮಣಿಸಿದ ಮೊದಲ ಪಂದ್ಯ 2025ರ ಜೂನ್ 6ರದ್ದು, ನಮ್ಮಲ್ಲಿ ಅದು ಮಳೆಗಾಲದ ಹೊತ್ತು. ಮೋಡ ದಟ್ಟವಾದರೆ ಡಿಶ್ ಎಷ್ಟು ಸರಿಮಾಡಿದರೂ ಅಷ್ಟೇ, ಆಗ ಆ್ಯಪೇ ಗತಿ. ಅಂಗಡಿಯವರು ಡಿಶ್ಶನ್ನು ಗಾಡಿಯಲ್ಲಿ ತಂದು ಸ್ಥಳದಲ್ಲೇ ಹೊಂದಿಸುತ್ತಾರೆ. ಅದಕ್ಕೆ ಆಗ್ನೇಯ ದಿಕ್ಕಿನ ಆಕಾಶ, ಸಾಕಷ್ಟು ಮೇಲಕ್ಕೆ, ಖಾಲಿ ಬೇಕು. ತೋಟದ ನಡುವಿನ ಮೈದಾನದಲ್ಲಿ ತೆಂಗಿನ ಗರಿಯೊಂದು ಅಡ್ಡ ಬಂದು ಗಾಳಿಗೆ ಆಡಿದರೆ ಪ್ರತಿ ಬೀಸಿಗೂ ಚಿತ್ರ ಒಡೆಯುತ್ತದೆ. ಹುಡುಗನಿಗೆ ಇದರ ಅಂದಾಜು ಚೆನ್ನಾಗಿತ್ತು. ಮೀಟರ್ ಹಿಡಿದು ಹೊಂದಿಸಿದ, ಡಿಶ್ಶಿನ ಕಾಲಿಗೆ ಮುರಕಲ್ಲು (ಜಂಬಿಟ್ಟಿಗೆ) ಹೇರಿದ, ಚಹಾ ಬರುವ ಮೊದಲೇ ಚಿತ್ರ ಬಂತು. ಈ ಕೆಲಸಕ್ಕೆ ಪೂರ್ತಿ ಅಂಕ.

ಕರೆಂಟಿನ ವಿಷಯದಲ್ಲಿ ಅಷ್ಟು ಅಂಕ ಕೊಡಲಾಗದು. 28 ಪೆಟ್ಟಿಗೆಗಳು, ಪೂರ್ತಿ ಬಿಳಿ ಚಿತ್ರ ಪೂರ್ತಿ ಹೊಳಪಿನಲ್ಲಿ ಇದ್ದರೆ ಒಂದಕ್ಕೆ ಸುಮಾರು 180 ವಾಟ್, ಒಟ್ಟು 5 ಕಿಲೋವಾಟ್, ಸಿಂಗಲ್ ಫೇಸಿನಲ್ಲಿ 22 ಆಂಪಿಯರ್. ರಾತ್ರಿ ಹೊಳಪು ತಗ್ಗಿಸಿದ ಫುಟ್‌ಬಾಲಿಗೆ ಇದರ ಮೂರನೇ ಒಂದು ಭಾಗವೂ ಬೇಕಾಗುವುದಿಲ್ಲ, ನಿಜ. ಆದರೆ ಎಲ್ಲ ಪೆಟ್ಟಿಗೆಯನ್ನೂ ಒಂದೇ ಸ್ವಿಚ್ಚಿನಲ್ಲಿ ಹಾಕಿದರೆ ಆ ಕ್ಷಣದ ಎಳೆತಕ್ಕೆ ಬೋರ್ಡಿನ ಎಂಸಿಬಿ ಸ್ವಿಚ್ಚು ಬೀಳುತ್ತದೆ. ಸಾಲು ಸಾಲಾಗಿ ಹಾಕಬೇಕು. ಇನ್ನು ವಯರು. ಕ್ಲಬ್ಬಿನಿಂದ ಮೈದಾನಕ್ಕೆ 50 ಮೀಟರ್ ದೂರ ಇದ್ದು, ಮನೆ ವಯರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದಲ್ಲಿ 15 ಆಂಪಿಯರ್ ಎಳೆದರೆ ದಾರಿಯಲ್ಲೇ 18 ವೋಲ್ಟ್ ಹೋಗುತ್ತದೆ. 4 ಚದರ ಮಿಲಿಮೀಟರ್ ಆದರೆ 7 ವೋಲ್ಟ್. ಸಂಜೆಯ ಹೊತ್ತು ಲೈನಿನಲ್ಲೇ ವೋಲ್ಟೇಜ್ ಕಡಿಮೆ ಇರುವ ಜಾಗಗಳಲ್ಲಿ ಈ ವ್ಯತ್ಯಾಸಕ್ಕೇ ಪೆಟ್ಟಿಗೆಗಳು ಮಿಟುಕುವುದು. ಅಂಗಡಿಯವರು ತಂದದ್ದು 2.5ರ ವಯರು, ನಡುವೆ ಟೇಪು ಸುತ್ತಿದ ಎರಡು ಜೋಡಣೆ. ಹುಲ್ಲಿನ ಮೇಲೆ, ಇಬ್ಬನಿಯಲ್ಲಿ, ಜನ ತುಳಿಯುವಲ್ಲಿ ಟೇಪಿನ ಜೋಡಣೆ ಇರಲೇಕೂಡದು. ಜೋಡಣೆಯಿಲ್ಲದ ವಯರು, ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇವೆರಡಿಲ್ಲದೆ ಪರದೆ ಹತ್ತಿಸಲು ಬಿಡಬೇಡಿ. ನೆಲಕ್ಕೆ ಹೊಡೆದ ಗೂಟದ ಅರ್ತಿಂಗಿನ ಮೇಲೂ ಭರವಸೆ ಬೇಡ. ಒಣ ಮುರಕಲ್ಲಿನ ನೆಲದಲ್ಲಿ ಅದು ಹೆಸರಿಗೆ ಮಾತ್ರ. ಕಟ್ಟಡದ ಅರ್ತಿಂಗಿನಿಂದಲೇ ಎಳೆಯಿರಿ.

ಕರೆಂಟು ಹೋಗುವುದು ಹೇಗೂ ಇದೆ. 7.5 ಕೆವಿಎ ಜನರೇಟರ್ ಹತ್ತಿಸಿದರೆ ಎಲ್‌ಇಡಿ ಪೆಟ್ಟಿಗೆಗಳು ಕೆಲವೇ ಸೆಕೆಂಡಿನಲ್ಲಿ ಹೊತ್ತಿಕೊಳ್ಳುತ್ತವೆ. ತಡವಾಗುವುದು ಸೆಟ್‌ಟಾಪ್ ಬಾಕ್ಸಿನಿಂದ. ಎದ್ದು, ಸಿಗ್ನಲ್ ಹುಡುಕಿ, ಚಾನೆಲಿಗೆ ಬರುವಾಗ ಒಂದೆರಡು ನಿಮಿಷ. ಆ ರಾತ್ರಿ ಮಿಲಾನಿನ ಸಾನ್ ಸಿರೊ ಮೈದಾನದಲ್ಲಿ ನಾರ್ವೆಯ ಎದುರು ಇಟಲಿ 11ನೆಯ ನಿಮಿಷದಲ್ಲಿ ಎಸ್ಪೊಸಿಟೊ ಹೊಡೆದ ಗೋಲಿನಿಂದ ಮುಂದಿತ್ತು, 63ನೆಯ ನಿಮಿಷಕ್ಕೆ ನೂಸಾ ಸಮ ಮಾಡಿದ. ಆಮೇಲೆ ಹಾಲಾಂಡ್ 78ನೆಯ ನಿಮಿಷಕ್ಕೊಂದು, 79ಕ್ಕೊಂದು. ಎರಡು ನಿಮಿಷ ಬಾಕ್ಸು ಏಳುವುದನ್ನು ಕಾಯುತ್ತಾ ಕೂತಿದ್ದರೆ 1–1 ಇದ್ದ ಪಂದ್ಯ ಕಣ್ಣು ಬಿಡುವಷ್ಟರಲ್ಲಿ 1–3. 28 ವರ್ಷದ ಮೇಲೆ ನಾರ್ವೆ ವಿಶ್ವಕಪ್ಪಿಗೆ ಹೋಗುವ ರಾತ್ರಿಯಲ್ಲಿ ಅಂಥದ್ದಾದರೆ ಕುರ್ಚಿ ಹಾರುತ್ತದೆ, ಮಾರಾಯ್ರೆ. ಉಪಾಯ ಅಗ್ಗದ್ದು: ಕಂಪ್ಯೂಟರಿಗೆ ಹಾಕುವ 600 ವಿಎ ಯುಪಿಎಸ್ ಒಂದಕ್ಕೆ ಬಾಕ್ಸು, ರೌಟರು, ಪ್ರೊಸೆಸರು ಮೂರನ್ನೂ ಸಿಕ್ಕಿಸಿ. ಅವೆಲ್ಲ ಸೇರಿ ನೂರು ವಾಟ್ ದಾಟುವುದಿಲ್ಲ, ಹತ್ತು ನಿಮಿಷ ಹಿಡಿಯುತ್ತದೆ. ಪ್ರೊಜೆಕ್ಟರಿಗೆ ಬೇರೆ ಲೆಕ್ಕ. ಲ್ಯಾಂಪಿನದ್ದು ಒಮ್ಮೆ ಆರಿದರೆ ತಣಿಯದೆ ಮತ್ತೆ ಹೊತ್ತುವುದಿಲ್ಲ, ಮೇಲಿಂದ ಫ್ಯಾನು ನಿಂತು ಲ್ಯಾಂಪಿನ ಆಯುಸ್ಸೂ ಇಳಿಯುತ್ತದೆ. ಅದಕ್ಕೂ ಸೇರಿಸಿ 1 ಕೆವಿಎ ಇನ್ವರ್ಟರ್ ಇಟ್ಟುಕೊಳ್ಳಿ. ಈ ಅಂಗಡಿಯ ಪ್ಯಾಕೇಜಿನಲ್ಲಿ ಯುಪಿಎಸ್ ಎಂಬ ಶಬ್ದವೇ ಇಲ್ಲ. 9,000 ತೆಗೆದುಕೊಳ್ಳುವವರು ಇಷ್ಟು ಮಾಡಬೇಡವೇ?

ಸದ್ದಿನ ಸಾಮಾನು ಒಳ್ಳೆಯದು, ಬೇಕಾದ್ದಕ್ಕಿಂತ ಒಳ್ಳೆಯದು. ಚೆಂಡೆ-ಮದ್ದಳೆಗೆ ಹೊಂದಿಸಿದ 15 ಇಂಚಿನ ಜೋಡಿ ಸ್ಪೀಕರಿನಲ್ಲಿ ಇಂಗ್ಲಿಷ್ ಕಾಮೆಂಟರಿ ಗುಮ್ಮೆನ್ನುತ್ತದೆ. ತಗ್ಗು ಸ್ವರವನ್ನು ಕಡಿಮೆ ಮಾಡಿಸಿ. ಆದರೆ ದೊಡ್ಡ ವಿಷಯ ಕಾನೂನಿನದ್ದು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಭವನದ ಒಳಗೆ, ಒಳಗಿನವರಿಗೆ ಮಾತ್ರ ಕೇಳುವಂತೆ ಹಾಕಬಹುದು. ಯುರೋಪ್ ಅರ್ಹತಾ ಪಂದ್ಯಗಳಲ್ಲಿ ಹೆಚ್ಚಿನವು ಈ ಹೊತ್ತಿನೊಳಗೇ ಬರುತ್ತವೆ. ಪೊಲೀಸ್ ಸ್ಟೇಷನ್ನಿನಲ್ಲಿ ಮೈಕ್ ಪರವಾನಗಿಗೆ ಅರ್ಜಿ ಹಾಕಿದರೂ 10ರ ಆಚೆಗೆ ಸಿಗುವುದಿಲ್ಲ. ಮೈದಾನದಲ್ಲಿ ಎಲ್‌ಇಡಿ ವಾಲ್ ನಿಲ್ಲಿಸಿ ನಡುರಾತ್ರಿ ಮೂಕಿ ಚಿತ್ರ ತೋರಿಸುವುದಕ್ಕಿಂತ ಹಾಲಿನ ಒಳಗೆ ಕಿಟಕಿ ಹಾಕಿ, ಜೋಡಿಯಲ್ಲಿ ಒಂದೇ ಸ್ಪೀಕರನ್ನು ಸಣ್ಣಗೆ ಇಟ್ಟು ನೋಡುವುದು ವಾಸಿ.

ಹೊರಗೆ ನಿಲ್ಲಿಸುವುದೇ ಆದರೆ ಜಾಗ ನೋಡಿ. ನವೆಂಬರಿನಲ್ಲಿ ಅಂಗಳಗಳಲ್ಲಿ ಅಡಿಕೆ ಒಣಗಲು ಬಿದ್ದಿರುತ್ತದೆ, ಯಾರೂ ಬಿಟ್ಟುಕೊಡುವುದಿಲ್ಲ; ಉಳಿಯುವುದು ಶಾಲೆಯ ಅಥವಾ ಕ್ಲಬ್ಬಿನ ಮುರಕಲ್ಲು ಮೈದಾನ. 28 ಪೆಟ್ಟಿಗೆಯ ತೂಕವೇ 200 ಕಿಲೋ ದಾಟುತ್ತದೆ, ಕಬ್ಬಿಣದ ಚೌಕಟ್ಟು ಬೇರೆ. ಆ ನೆಲಕ್ಕೆ ಗೂಟ ಇಳಿಯುವುದಿಲ್ಲ, ಹಿಂದಿನ ಕಾಲುಗಳ ಮೇಲೆ ಮರಳಿನ ಚೀಲ ಹೇರಬೇಕು. ಚೀಲ ಕ್ಲಬ್ಬಿನವರೇ ತುಂಬಿಡಬೇಕು, ಅಂಗಡಿಯವರು ತರುವುದಿಲ್ಲ. ಅಕ್ಟೋಬರಿನ ಸಂಜೆ ಸಿಡಿಲಿನ ಕಾಲ, ಗುಡುಗು ಕೇಳಿದ ಕೂಡಲೇ ಡಿಶ್ಶಿನ ಕೇಬಲನ್ನು ಬಾಕ್ಸಿನಿಂದ ಕಳಚಿ. ಕಿಟಕಿಗೆ ಬಾಗಿಲಿಲ್ಲದ ಹಾಲಿನಲ್ಲಿ ಪ್ರೊಜೆಕ್ಟರಿಗೆ ಮಳೆ ಹುಳಗಳ ಉಪದ್ರ ಬೇರೆ. ಲೆನ್ಸಿನ ಮುಂದೆ ಒಂದು ಹುಳ ಹಾರಿದರೆ ಇಟಲಿಯ ಗೋಲ್‌ಕೀಪರ್ ಡೊನ್ನರುಮ್ಮನ ಮುಖದಷ್ಟು ದೊಡ್ಡ ನೆರಳು. ಪ್ರೊಜೆಕ್ಟರಿನಿಂದ ದೂರ, ಹಾಲಿನ ಹೊರಗೆ, ಒಂದು ಬಲ್ಬು ಹಾಕಿಟ್ಟರೆ ಹುಳ ಅತ್ತ ಹೋಗುತ್ತದೆ.

ಹಾಗಾದರೆ ಯಾವುದನ್ನು ತೆಗೆದುಕೊಳ್ಳಬೇಕು? ಸಂಜೆ 6:30ರ ಅಥವಾ 7:30ರ ಪಂದ್ಯ, ಇನ್ನೂರಕ್ಕಿಂತ ಹೆಚ್ಚು ಜನ, ಹೊರಗೆ: ಎಲ್‌ಇಡಿ ವಾಲ್. ಮುಂದಿನ ಸಾಲನ್ನು ಪರದೆಯಿಂದ ಕನಿಷ್ಠ 4 ಮೀಟರ್ ದೂರ ಹಾಕಿ, ಇಲ್ಲವಾದರೆ ಚುಕ್ಕಿಗಳು ಕಾಣುತ್ತವೆ. ಉಳಿದ ಎಲ್ಲಕ್ಕೂ 3,000ದ ಪ್ರೊಜೆಕ್ಟರ್ ಸಾಕು, ಸಾಕೆನ್ನುವುದಕ್ಕಿಂತ ಅದೇ ಮೇಲು. ಉಳಿದ 6,000ದಲ್ಲಿ ಯುಪಿಎಸ್ಸೂ ಬರುತ್ತದೆ, ಕಟ್ಟಂಚಾಯ ಗೋಳಿಬಜೆಯ ಖರ್ಚೂ ಕಳೆಯುತ್ತದೆ. ಅಂಗಡಿಯವರು ದೊಡ್ಡದನ್ನೇ ಹೊರಿಸಲು ನೋಡುತ್ತಾರೆ, ಒಪ್ಪಬೇಡಿ. ಎರಡರಲ್ಲಿ ಯಾವುದಾದರೂ ಸರಿ, ಡಿಶ್ ಹೊಂದಿಸಲು ಬಲ್ಲ ಹುಡುಗನನ್ನೇ ಹೆಸರು ಹಿಡಿದು ಕೇಳಿ. ಅದೇ ಅಂಗಡಿಯಲ್ಲಿ ಲೈಟು ಮಾತ್ರ ಗೊತ್ತಿರುವ ಇಬ್ಬರಿದ್ದಾರೆ. ಅವರು ಬಂದರೆ 50 ಹರ್ಟ್ಜೂ ಇಲ್ಲ, ಎಚ್‌ಡಿಸಿಪಿಯೂ ಇಲ್ಲ.

ಬುಕ್ಕಿಂಗ್ ಬೇಗ ಮಾಡಿ. ನವೆಂಬರಿನಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಶುರು, ಮಾರ್ಚಿನಲ್ಲಿ ಜಾತ್ರೆ, ತೆಯ್ಯಂ, ಉರೂಸು ಎಲ್ಲ ಒಟ್ಟಿಗೆ. ಅರ್ಹತಾ ಪಂದ್ಯ ಬೀಳುವುದೂ ಆ ತಿಂಗಳುಗಳಲ್ಲೇ. 2027ರಲ್ಲಿ ಯೂರೊ 2028ರ ಅರ್ಹತಾ ಪಂದ್ಯಗಳು ನಡೆಯುವಾಗಲೂ ಇದೇ ನೂಕುನುಗ್ಗಲು. ಮುಂಗಡ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಡಬೇಡಿ. ಮಳೆ ಬಂದು ಹೊರಗಿನ ಪರದೆ ರದ್ದಾದರೆ ಮುಂಗಡ ವಾಪಸ್ ಇಲ್ಲ ಎಂದು ಅಂಗಡಿಯವರು ಮೊದಲೇ ಹೇಳುತ್ತಾರೆ. ಆದರೆ ಅದೇ ದುಡ್ಡಿಗೆ ಅದೇ ರಾತ್ರಿ ಹಾಲಿನ ಒಳಗೆ ಪ್ರೊಜೆಕ್ಟರ್ ಹಾಕಿಕೊಡಿ ಅಂದರೆ ಒಪ್ಪುತ್ತಾರೆ, ಗಾಡಿಯಲ್ಲಿ ಎರಡೂ ಇದ್ದರೆ ಮಾತ್ರ. ಆದ್ದರಿಂದ ಮಳೆಯ ಲಕ್ಷಣ ಇದ್ದ ದಿನ ಗಾಡಿ ಹೊರಡುವ ಮೊದಲು ಫೋನ್ ಮಾಡಿ, ಪ್ರೊಜೆಕ್ಟರಿನ ಪೆಟ್ಟಿಗೆಯನ್ನೂ ಕ್ಲಾಂಪನ್ನೂ ಹಾಕಿಸಿ.